ಚೌಪದಿ ಮತ್ತು ಗೇಣಿಗದ್ದೆ: ದಿನಕರ ದೇಸಾಯಿಯವರ ಸಾಹಿತ್ಯ ಹಾಗೂ ರಾಜಕಾರಣ

1

ಅಂಕೋಲಾ ತಾಲ್ಲೂಕಿನ ಬಾಳೆಗುಳಿಯಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಒಂದು, ಕಾರವಾರದಿಂದ ಕರಾವಳಿಗುಂಟ ದಕ್ಷಿಣಕ್ಕೆ ಸಾಗುವ ದಾರಿ. ಇನ್ನೊಂದು, ಹುಬ್ಬಳ್ಳಿಯಿಂದ ಹೊರಟು ಯಲ್ಲಾಪುರವನ್ನು ಹಾಯ್ದು ಅರಬೈಲು ಘಟ್ಟವನ್ನಿಳಿದು ಬರುವ ದಾರಿ. ಘಟ್ಟದ ಮೇಲಿನ ಸರಕು ಕಡಲಿಗೂ ಕಡಲಿನ ಸರಕು ಘಟ್ಟದ ಮೇಲಕ್ಕೂ ಹೋಗುವುದು ಈ ಕೂಡುದಾರಿಯ ಮೂಲಕವೇ. ದಾರಿಯ ಇಕ್ಕೆಲಗಳಲ್ಲಿ ಇಂದಿಗೂ ಭತ್ತದ ಗದ್ದೆಗಳಿವೆ. ಗದ್ದೆಗಳಾಚೆ ತೆಂಗು, ಗೇರು, ಅದರಾಚೆ ಗುಡ್ಡ. ಈ ಗದ್ದೆಗಳ ಒಡೆತನದ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿನ ರಾಜಕಾರಣದ ಮುಖ್ಯ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯನ್ನು ಎತ್ತಿದವರಲ್ಲಿ ಪ್ರಮುಖರು ಇದೇ ತಾಲ್ಲೂಕಿನಲ್ಲಿ 1909ರಲ್ಲಿ ಜನಿಸಿದ ಒಬ್ಬ ಕವಿ.

ದಿನಕರ ದೇಸಾಯಿಯವರ ಹೆಸರು ಕನ್ನಡ ಓದುಗರಿಗೆ ಅಪರಿಚಿತವೇನಲ್ಲ. ಆದರೆ ಆ ಹೆಸರು ಎರಡು ಬೇರೆ ಬೇರೆ ಕಡೆ ಎರಡು ಬೇರೆ ಅರ್ಥಗಳಲ್ಲಿ ಉಳಿದಿದೆ. ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಅವರು 'ಚುಟುಕು ಬ್ರಹ್ಮ'. ನಾಲ್ಕು ಸಾಲಿನಲ್ಲಿ ನಗಿಸಿ ಕುಟುಕಿದವರು. ಗಡಿಯಾರವನ್ನು ಕುರಿತ ಮಕ್ಕಳ ಪದ್ಯವನ್ನು ತಲೆಮಾರುಗಳ ಬಾಯಲ್ಲಿ ನಿಲ್ಲಿಸಿದವರು. ಉತ್ತರ ಕನ್ನಡ ಜಿಲ್ಲೆಯ ನೆನಪಿನಲ್ಲಾದರೋ ಅವರು ರೈತಕೂಟ ಕಟ್ಟಿದವರು, ಗಡಿಪಾರಾದವರು, ಶಾಲೆ ತೆರೆದವರು, ಲೋಕಸಭೆಗೆ ಹೋಗಿಬಂದವರು. ಮೊದಲನೆಯ ಚಿತ್ರಕ್ಕೆ ಎರಡನೆಯದು ಕೇವಲ ಜೀವನ ವಿವರವಾಗಿ ಕಾಣುತ್ತದೆ. ಎರಡನೆಯ ಚಿತ್ರಕ್ಕೆ ಮೊದಲನೆಯದು ಬಿಡುವಿನ ವೇಳೆಯ ಹವ್ಯಾಸವಾಗಿ ಕಾಣುತ್ತದೆ.

ಈ ಒಡಕು ದಿನಕರರೊಬ್ಬರ ಪಾಲಿಗೆ ಬಂದದ್ದಲ್ಲ. ರಾಜಕಾರಣಕ್ಕಿಳಿದ ಲೇಖಕನ ಬಗ್ಗೆ ವಿಮರ್ಶೆ ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಪು ಕೊಡುತ್ತದೆ: ಒಂದೋ ಆತ ಬರವಣಿಗೆಯನ್ನು ಬಲಿಕೊಟ್ಟ, ಇಲ್ಲವೇ ಬರವಣಿಗೆಯ ಕೀರ್ತಿಯನ್ನು ಚುನಾವಣೆಯಲ್ಲಿ ಖರ್ಚುಮಾಡಿದ. ದಿನಕರ ದೇಸಾಯಿಯವರ ಬದುಕು ಈ ಎರಡೂ ತೀರ್ಪುಗಳಿಗೆ ಒಗ್ಗುವುದಿಲ್ಲ. ಅವರ ಚೌಪದಿಯನ್ನೂ ಅವರ ರೈತಕೂಟವನ್ನೂ ಒಂದೇ ಮನಸ್ಸಿನ ಎರಡು ಕೆಲಸಗಳಾಗಿ ನೋಡಿದಾಗ ಮಾತ್ರ ಅವೆರಡರ ಬೆಲೆಯೂ ಮಿತಿಯೂ ತಿಳಿಯುತ್ತವೆ.

2

ದಿನಕರರು ಬೆಳೆದ ಅಂಕೋಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬೇರ್ಪಟ್ಟ ಉತ್ತರ ಕೆನರಾ ಜಿಲ್ಲೆ 1956ರವರೆಗೂ ಮುಂಬಯಿಯ ಆಡಳಿತದಲ್ಲಿಯೇ ಇತ್ತು. ಕಚೇರಿಯ ಮಾತು ಒಂದು, ಶಾಲೆಯ ಮಾತು ಒಂದು, ಮನೆಯ ಮಾತು ಇನ್ನೊಂದು ಎಂಬ ಸ್ಥಿತಿ ಈ ಜಿಲ್ಲೆಯವರಿಗೆ ಹೊಸದಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯ ಭಂಗ ನಡೆಯಿತು. ಅನಂತರದ ಕರನಿರಾಕರಣೆಯ ದಿನಗಳಲ್ಲಿ ಈ ಊರಿಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂದಿತು. ಊರು ಹೀಗೆ ಕಾಯ್ದುಕೊಂಡಿದ್ದ ಕಾಲದಲ್ಲಿ ದಿನಕರರು ಮೈಸೂರು ಸಂಸ್ಥಾನದಲ್ಲಿ ವಿದ್ಯಾರ್ಥಿಯಾಗಿದ್ದರು. ಪದವಿಯ ನಂತರ ಮುಂಬಯಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿದರು, ಕಾನೂನನ್ನೂ ಓದಿದರು.

ಅವರ ಇತಿಹಾಸ ಸಂಶೋಧನೆಯ ವಿಷಯವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕಲ್ಯಾಣ ಚಾಳುಕ್ಯರ ಅಧೀನದಲ್ಲಿದ್ದ ಮಹಾಮಂಡಲೇಶ್ವರರನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಒಂದು ಗ್ರಂಥ ರಚಿಸಿದರು. ಚಕ್ರವರ್ತಿಯ ಕೆಳಗೆ ಮಾಂಡಲಿಕ, ಮಾಂಡಲಿಕನ ಕೆಳಗೆ ಸಾಮಂತ, ಸಾಮಂತನ ಕೆಳಗೆ ಊರೊಡೆಯ ಎಂಬ ಅಧಿಕಾರದ ಮೆಟ್ಟಿಲುಗಳನ್ನು ಶಾಸನಗಳ ಆಧಾರದಿಂದ ಬಿಡಿಸಿ ನೋಡುವ ಕೆಲಸವದು. ದಾನಶಾಸನವೊಂದನ್ನು ಓದುವ ಸಂಶೋಧಕನಿಗೆ ದಾನಿಯ ಬಿರುದಾವಳಿ ಕಾಣುತ್ತದೆ, ಪ್ರತಿಗ್ರಹಿಯ ಗೋತ್ರ ಕಾಣುತ್ತದೆ, ಭೂಮಿಯ ಚತುಸ್ಸೀಮೆ ಕಾಣುತ್ತದೆ. ಆ ಭೂಮಿಯನ್ನು ಉತ್ತವನು ಕಾಣುವುದು ಅಪರೂಪ. ಹತ್ತು ಹನ್ನೆರಡನೆಯ ಶತಮಾನಗಳ ಭೂಸಂಬಂಧವನ್ನು ಕಲ್ಲಿನ ಮೇಲೆ ಓದಿದ ಕಣ್ಣಿಗೆ ತನ್ನೂರಿನ ಒಡೆಯ–ಗೇಣಿದಾರರ ಸಂಬಂಧ ಹಳೆಯ ಕತೆಯ ಮುಂದುವರಿಕೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಮುಂಬಯಿಯಲ್ಲಿ ಅವರು ಭಾರತ ಸೇವಕ ಸಮಾಜವನ್ನು ಸೇರಿದರು. ಗೋಪಾಲ ಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಈ ಸಮಾಜದ ಸದಸ್ಯರು ಸ್ವಂತ ಗಳಿಕೆಯ ಆಸೆಯನ್ನು ಬಿಟ್ಟು, ಸಮಾಜ ಕೊಡುವ ಅಲ್ಪ ವೇತನದಲ್ಲಿ ಆಜೀವ ಸಾರ್ವಜನಿಕ ಕೆಲಸ ಮಾಡಬೇಕಿತ್ತು. ಕಾರ್ಮಿಕ ಸಂಘಟನೆಯ ಹಿರಿಯರಾದ ಎನ್.ಎಂ. ಜೋಶಿಯವರ ಒಡನಾಟ ದಿನಕರರಿಗೆ ದೊರಕಿದ್ದು ಇಲ್ಲಿಯೇ. ಅವರ ಪಾಲಿಗೆ ಬಂದ ಕ್ಷೇತ್ರ ಹಡಗು ಕಾರ್ಮಿಕರದು. ಆ ಕಾಲದಲ್ಲಿ ಕೆಲಸ ಬೇಕಾದ ಖಲಾಸಿ ನೇರವಾಗಿ ಹಡಗಿನ ಕಂಪನಿಗೆ ಹೋಗುವಂತಿರಲಿಲ್ಲ. ನಡುವೆ ಸಾರಂಗನಿದ್ದ, ದಲ್ಲಾಳಿಯಿದ್ದ; ಅವರ ಕೈ ಬಿಸಿಮಾಡದೆ ಹಡಗು ಹತ್ತುವುದು ಸಾಧ್ಯವಿರಲಿಲ್ಲ. ಹಡಗಿನಿಂದಿಳಿದವನು ಮುಂದಿನ ಕೆಲಸ ಸಿಗುವವರೆಗೆ ತಿಂಗಳುಗಟ್ಟಲೆ ಸಾಲದಲ್ಲಿ ಬದುಕಬೇಕಿತ್ತು. ಈ ವ್ಯವಸ್ಥೆಯನ್ನು ಅಭ್ಯಸಿಸಿ ದಿನಕರರು ಭಾರತದ ನೌಕಾ ಕಾರ್ಮಿಕರನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು ಬರೆದರು. ಪ್ರಾಥಮಿಕ ಶಿಕ್ಷಣದ ಸ್ಥಿತಿಗತಿಯನ್ನು ಕುರಿತೂ ಪುಸ್ತಕ ಬರೆದರು. ಪಶ್ಚಿಮ ದೇಶಗಳ ಪ್ರವಾಸದ ಅನುಭವ ಕನ್ನಡದಲ್ಲಿ 'ನಾ ಕಂಡ ಪಡುವಣ'ವಾಯಿತು.

ಹೀಗೆ ಮೂವತ್ತರ ಹರೆಯದಲ್ಲಿಯೇ ಅವರ ಮುಂದೆ ಮೂರು ದಾರಿಗಳಿದ್ದವು: ಇತಿಹಾಸಜ್ಞನದು, ಕಾರ್ಮಿಕ ನಾಯಕನದು, ನವೋದಯದ ಕವಿಯದು. ಮೂರರಲ್ಲಿಯೂ ಅವರು ಸಮರ್ಥರೆಂಬುದಕ್ಕೆ ಸಾಕ್ಷಿಯಿದೆ. ಇಲ್ಲಿ ಕುತೂಹಲದ ಸಂಗತಿಯೆಂದರೆ, ಅವರು ಒಂದನ್ನು ಆಯ್ದು ಎರಡನ್ನು ಬಿಡಲಿಲ್ಲ. ಮೂರನ್ನೂ ತಂದು ತಮ್ಮೂರಿನ ಗೇಣಿಗದ್ದೆಯ ಬದಿಗೆ ನಿಲ್ಲಿಸಿದರು.

3

ಉತ್ತರ ಕನ್ನಡದ ಕರಾವಳಿಯಲ್ಲಿ ಗೇಣಿಯ ಪದ್ಧತಿಗೆ ಮುಖ್ಯವಾಗಿ ಎರಡು ರೂಪಗಳಿದ್ದವು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಒಂದು ಬಗೆಯ ಶಾಶ್ವತ ಹಕ್ಕು ಇರುತ್ತಿತ್ತು. ಚಾಲಗೇಣಿದಾರನಿಗೆ ಅದಿರಲಿಲ್ಲ, ಒಡೆಯನ ಮರ್ಜಿ ಇರುವವರೆಗೆ ಮಾತ್ರ ಅವನಿಗೆ ಗದ್ದೆ. ಗೇಣಿಯನ್ನು ಅಕ್ಕಿಯಲ್ಲಿಯೋ ಭತ್ತದಲ್ಲಿಯೋ ಅಳೆಯಬೇಕಿತ್ತು. ಮಳೆ ಹೆಚ್ಚಾಗಿ ಪೈರು ಕೊಳೆತರೂ ಉಪ್ಪುನೀರು ನುಗ್ಗಿ ಗಜನಿ ಹಾಳಾದರೂ ಗೇಣಿ ಕಡಿಮೆಯಾಗುವ ಭರವಸೆಯಿರಲಿಲ್ಲ. ಬಾಕಿ ಉಳಿದ ಗೇಣಿ ಸಾಲವಾಗಿ, ಸಾಲ ಬಿಟ್ಟಿ ದುಡಿಮೆಯಾಗಿ ಮಾರ್ಪಡುತ್ತಿತ್ತು. ಹಾಲಕ್ಕಿ ಒಕ್ಕಲಿಗರು, ನಾಮಧಾರಿಗಳು, ಇನ್ನಿತರ ದುಡಿಯುವ ಸಮುದಾಯದವರು ಈ ಸರಪಳಿಯೊಳಗೆ ಇದ್ದವರು. ಪತ್ರ, ಪಾವತಿ, ದಸ್ತಾವೇಜು ಇವೆಲ್ಲ ಅಕ್ಷರ ಬಲ್ಲವರ ವಶದಲ್ಲಿದ್ದವು. ಅಳೆದದ್ದಕ್ಕೆ ರಸೀದಿ ಕೇಳುವ ಧೈರ್ಯ ಒಕ್ಕಲಿಗಿರಲಿಲ್ಲ. ಕೊಟ್ಟರೂ ಓದಲು ಬರುತ್ತಿರಲಿಲ್ಲ.

ದಿನಕರರ ನೇತೃತ್ವದ ರೈತಕೂಟದ ಚಳವಳಿ 1930ರ ದಶಕದ ಕೊನೆಯಲ್ಲಿ ಬೆಳೆದುದು ಈ ಹಿನ್ನೆಲೆಯಲ್ಲಿ. ಮುಂಬಯಿ ಪ್ರಾಂತದಲ್ಲಿ 1937ರಿಂದ 1939ರವರೆಗೆ ಕಾಂಗ್ರೆಸ್ ಮಂತ್ರಿಮಂಡಲವಿತ್ತು. ಗೇಣಿದಾರರ ರಕ್ಷಣೆಗೆ ಕಾಯಿದೆಯ ಮಾತು ಆಗಲೇ ಕೇಳಿಬಂದಿತ್ತು. ಆದರೆ ಸ್ವಾತಂತ್ರ್ಯ ಹೋರಾಟದ ಮುಂಚೂಣಿಯಲ್ಲಿದ್ದ ಜಿಲ್ಲೆಯಲ್ಲಿ ಒಡೆಯನ ವಿರುದ್ಧ ದನಿಯೆತ್ತುವುದು ಸುಲಭವಾಗಿರಲಿಲ್ಲ. ಕರನಿರಾಕರಣೆಯಲ್ಲಿ ಒಡೆಯನೂ ಒಕ್ಕಲೂ ಒಟ್ಟಾಗಿ ಬ್ರಿಟಿಷರ ವಿರುದ್ಧ ನಿಂತಿದ್ದರು. ಈಗ ಅದೇ ಒಕ್ಕಲು ಒಡೆಯನೆದುರು ನಿಲ್ಲಬೇಕಾಗಿತ್ತು. ರಾಷ್ಟ್ರೀಯ ಹೋರಾಟದ ಒಗ್ಗಟ್ಟನ್ನು ಒಡೆಯುವ ಕೆಲಸವಿದೆಂಬ ಆಕ್ಷೇಪ ಇಂಥ ಎಲ್ಲ ರೈತ ಚಳವಳಿಗಳೂ ಆ ಕಾಲದಲ್ಲಿ ಎದುರಿಸಿದ ಆಕ್ಷೇಪವೇ ಆಗಿದೆ.

1940ರಲ್ಲಿ ದಿನಕರರನ್ನು ಜಿಲ್ಲೆಯಿಂದ ಗಡಿಪಾರು ಮಾಡಲಾಯಿತು. ಐದು ವರ್ಷಗಳ ಕಾಲ ಅವರು ತಮ್ಮ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಗಡಿಪಾರು ಸೆರೆಮನೆಗಿಂತ ಭಿನ್ನವಾದ ಶಿಕ್ಷೆ. ಸೆರೆಮನೆ ಹೋರಾಟಗಾರನಿಗೆ ಗೌರವ ತರುತ್ತದೆ, ಬಿಡುಗಡೆಯ ದಿನ ಹಾರ ಬೀಳುತ್ತದೆ. ಗಡಿಪಾರಿನಲ್ಲಿ ಅಂಥದ್ದೇನೂ ಇಲ್ಲ. ಮುಂಬಯಿಯಲ್ಲಿ ಅವರು ಸ್ವತಂತ್ರರು. ಹಡಗು ಕಾರ್ಮಿಕರ ನಡುವೆ ಕೆಲಸ ಮಾಡಬಹುದು, ಬರೆಯಬಹುದು, ಭಾಷಣ ಮಾಡಬಹುದು. ತಾನು ಯಾರ ಮಾತನ್ನು ಆಡಬೇಕೋ ಅವರೊಡನೆ ಮಾತ್ರ ಮಾತಾಡುವಂತಿಲ್ಲ. ಕವಿಗೆ ಈ ಶಿಕ್ಷೆಯ ಅರ್ಥ ಇನ್ನೂ ತೀವ್ರವಾದುದು. ಓದುಗನಿಂದ ದೂರವಿರುವುದು ಲೇಖಕನಿಗೆ ಸಹಜ ಸ್ಥಿತಿ. ಕೇಳುಗನಿಂದ ದೂರವಿರುವುದು ಹಾಗಲ್ಲ. ದಿನಕರರ ರೈತರು ಓದುಗರಾಗಿರಲಿಲ್ಲ, ಕೇಳುಗರಾಗಿದ್ದರು.

ಗಡಿಪಾರಿನ ನಂತರವೂ ಅವರು ಹಿಂದಿನ ಕೆಲಸಕ್ಕೇ ಮರಳಿದರು. 1948ರ ಮುಂಬಯಿ ಗೇಣಿ ಕಾಯಿದೆ, 1951ರಲ್ಲಿ ನೆರೆಯ ಸಾಗರ ಸೀಮೆಯ ಕಾಗೋಡು ಸತ್ಯಾಗ್ರಹ, ಕೊನೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಇವೆಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ನೋಡಬೇಕು. ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಿನ ಪುಸ್ತಕವನ್ನು ಸೇರುವ ಮೊದಲು ಗದ್ದೆಯ ಬದುವಿನ ಮೇಲೆ, ಜಾತ್ರೆಯ ಬಯಲಿನಲ್ಲಿ, ಶಾಲೆಯ ಜಗಲಿಯಲ್ಲಿ ಹಲವು ದಶಕ ಓಡಾಡಿತ್ತು. ಕಾಗೋಡಿನ ಹೋರಾಟದ ಕಾವು ಇಡೀ ನಾಡಿಗೆ ತಲುಪಿತು. ಅದಕ್ಕೂ ಒಂದು ದಶಕ ಮೊದಲು ಕರಾವಳಿಯಲ್ಲಿ ನಡೆದ ರೈತಕೂಟದ ಕತೆ ಜಿಲ್ಲೆಯ ಹೊರಗೆ ಅಷ್ಟಾಗಿ ತಿಳಿಯಲಿಲ್ಲ. ಆಗ ಈ ಜಿಲ್ಲೆ ಮುಂಬಯಿ ಪ್ರಾಂತದ ತುದಿಯಲ್ಲಿದ್ದುದೂ ಅದಕ್ಕೆ ಒಂದು ಕಾರಣವಾಗಿರಬಹುದು.

4

ಈಗ ಚೌಪದಿಯ ಮಾತು. ನಾಲ್ಕು ಸಾಲು, ಅಂತ್ಯಪ್ರಾಸ, ಆಡುಮಾತಿಗೆ ಹತ್ತಿರದ ನಡೆ, ಕೊನೆಯ ಸಾಲಿನಲ್ಲಿ ಒಂದು ತಿರುವು — ರೂಪದ ದೃಷ್ಟಿಯಿಂದ ಇಷ್ಟೇ. ಸರ್ವಜ್ಞನ ತ್ರಿಪದಿಯ ನೆನಪು ಇದರ ಹಿಂದಿದೆ. ವಚನಕಾರರ ಅಂಕಿತದ ನೆನಪೂ ಇದೆ. ಸಂಕಲನಕ್ಕೆ 'ದಿನಕರನ ಚೌಪದಿ' ಎಂದು ಹೆಸರಿಡುವಲ್ಲಿ ಕವಿ ತನ್ನ ಹೆಸರಿನ ಕೊನೆಯ ಗೌರವ ಪ್ರತ್ಯಯವನ್ನು ತೆಗೆದಿದ್ದಾನೆ. ದಿನಕರ ದೇಸಾಯಿಯಲ್ಲಿನ 'ದೇಸಾಯಿ' ಹಳೆಯ ಆಡಳಿತದ ಅಧಿಕಾರಸೂಚಕ ಪದ. ಅದು ಬಿದ್ದುಹೋಗಿ ಬರಿಯ 'ದಿನಕರ' ಉಳಿದಿದ್ದಾನೆ. ಒಡೆತನವನ್ನು ಪ್ರಶ್ನಿಸಿದ ಕವಿಯ ಹೆಸರಿನಲ್ಲಿಯೇ ಇಂಥದೊಂದು ಬಿಡುಗಡೆ ನಡೆದಿರುವುದು ಆಕಸ್ಮಿಕವಿದ್ದರೂ ಅರ್ಥಪೂರ್ಣ.

ದಿನಕರರು ಆರಂಭದಿಂದ ಚುಟುಕು ಕವಿಯಲ್ಲ. ಅವರ ಮೊದಲ ಕವಿತೆಗಳು ನವೋದಯದ ಭಾವಗೀತೆಯ ಜಾಡಿನವು. ಪ್ರಕೃತಿಯ ಚೆಲುವು, ದೈವದ ಹುಡುಕಾಟ, ಹಾಡುವ ಲಯ ಅಲ್ಲಿವೆ. ಅವುಗಳಲ್ಲಿ ಕೆಲವು ಮುಂದೆ ಸುಗಮ ಸಂಗೀತದ ವೇದಿಕೆಯನ್ನೂ ಏರಿದವು. ಆ ದಾರಿಯಲ್ಲಿಯೇ ಅವರು ಮುಂದುವರಿದಿದ್ದರೆ ಕನ್ನಡಕ್ಕೆ ಇನ್ನೊಬ್ಬ ಒಳ್ಳೆಯ ಭಾವಗೀತಕಾರ ದೊರಕುತ್ತಿದ್ದ. ಭಾವಗೀತೆಯಿಂದ ಚೌಪದಿಗೆ ಬಂದ ಈ ಬದಲಾವಣೆಯನ್ನು ಕೆಲವರು ಇಳಿಕೆ ಎನ್ನಬಹುದು. ಆದರೆ ಅದರ ಕಾರಣವನ್ನು ಕವಿಯ ಪ್ರತಿಭೆಯಲ್ಲಿ ಹುಡುಕುವುದಕ್ಕಿಂತ ಕವಿಯ ಕೇಳುಗನಲ್ಲಿ ಹುಡುಕುವುದು ಉಚಿತ.

ಅಕ್ಷರ ಬಾರದವನಿಗೆ ಪದ್ಯವೊಂದು ತಲುಪಬೇಕಾದರೆ ಅದು ಒಮ್ಮೆ ಕೇಳಿದರೆ ನೆನಪಿನಲ್ಲಿ ನಿಲ್ಲಬೇಕು. ಸಂತೆಯಿಂದ ಮರಳುವಾಗ ಒಬ್ಬ ಇನ್ನೊಬ್ಬನಿಗೆ ಹೇಳುವಂತಿರಬೇಕು. ಹೇಳುವಾಗ ಒಂದು ಪದ ಬದಲಾದರೂ ಪ್ರಾಸ ಅದನ್ನು ಎಳೆದು ಸರಿದಾರಿಗೆ ತರಬೇಕು. ಒಡೆಯನ ಕಿವಿಗೆ ಬಿದ್ದರೆ ನಗೆಯ ಮಾತೆಂದು ತಳ್ಳಿಹಾಕಲೂ ಬರಬೇಕು. ಚೌಪದಿ ಈ ನಾಲ್ಕೂ ಕೆಲಸಗಳನ್ನು ಮಾಡಬಲ್ಲದು. ಅವರು ನಡೆಸಿದ 'ಜನಸೇವಕ' ವಾರಪತ್ರಿಕೆಯ ಅಂಕಣದ ಅಗಲಕ್ಕೂ ಅದು ಸರಿಹೊಂದುತ್ತಿತ್ತು. ವಾರದ ಸುದ್ದಿ ಬಂದಂತೆ ವಾರದ ಚುಟುಕೂ ಬರಬಹುದಿತ್ತು. ಹೀಗೆ ಸಭೆ, ಪತ್ರಿಕೆ, ಬಾಯಿಮಾತು ಈ ಮೂರರ ಒತ್ತಡದಲ್ಲಿ ಬೆಳೆದ ರೂಪವನ್ನು ಪುಸ್ತಕದೊಳಗಿನ ಕವಿತೆಯ ಅಳತೆಗೋಲಿನಿಂದ ಮಾತ್ರ ಅಳೆದರೆ ಅದು ಗಿಡ್ಡವಾಗಿಯೇ ಕಾಣುತ್ತದೆ.

ಚುಟುಕು ಪ್ರಕಟವಾಗುತ್ತಿದ್ದ ದಶಕಗಳೇ ಕನ್ನಡದಲ್ಲಿ ನವ್ಯ ಕಾವ್ಯದ ದಶಕಗಳೂ ಹೌದು. ಕಾವ್ಯ ಸಂಕೀರ್ಣವಾಗಿರಬೇಕು, ಪ್ರತಿಮೆಯ ಮೂಲಕ ಯೋಚಿಸಬೇಕು, ಒಂದೇ ಓದಿಗೆ ಬಿಟ್ಟುಕೊಡಬಾರದು ಎಂಬ ನಿಲುವು ಬಲವಾಗಿದ್ದ ಕಾಲದಲ್ಲಿ ಒಂದೇ ಕೇಳುವಿಕೆಗೆ ತಲುಪುವ ಪದ್ಯಕ್ಕೆ ವಿಮರ್ಶೆಯ ಮನ್ನಣೆ ಸಿಗುವುದು ಕಷ್ಟವಿತ್ತು. ನವ್ಯದ ಹಿರಿಯ ಕವಿ ಗೋಪಾಲಕೃಷ್ಣ ಅಡಿಗರೂ 1971ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರೆಂಬುದನ್ನು ಇಲ್ಲಿ ನೆನೆಯಬೇಕು. ಅವರ ರಾಜಕೀಯ ಆಕ್ರೋಶ ದೀರ್ಘ ಕವಿತೆಯ ಪ್ರತಿಮೆಗಳಲ್ಲಿ ಹರಿಯಿತು. ದಿನಕರರದು ನಾಲ್ಕು ಸಾಲುಗಳಲ್ಲಿ ಚಿಮ್ಮಿತು. ಇಬ್ಬರೂ ತಮ್ಮ ಕಾಲದ ಅಧಿಕಾರವನ್ನೇ ಕುರಿತು ಬರೆದವರು. ಇಬ್ಬರ ಮುಂದಿದ್ದ ಜನ ಮಾತ್ರ ಬೇರೆ.

ಆದರೂ ಚೌಪದಿಯ ಮಿತಿಯನ್ನು ಮರೆಮಾಚಬೇಕಿಲ್ಲ. ಅದು ಚುಚ್ಚಬಲ್ಲದು, ಎಚ್ಚರಿಸಬಲ್ಲದು, ನಗಿಸಬಲ್ಲದು. ಅನುಮಾನವನ್ನು ಬಹಳ ಹೊತ್ತು ಹೊತ್ತುಕೊಂಡು ನಿಲ್ಲಲಾರದು. ಕೊನೆಯ ಸಾಲು ಬರುವಷ್ಟರಲ್ಲಿ ತೀರ್ಪು ಸಿದ್ಧವಾಗಿರಬೇಕು. ಗೇಣಿದಾರನೊಬ್ಬ ಒಡೆಯನ ಮೇಲಿಟ್ಟ ಭಯಭಕ್ತಿ, ಹೋರಾಟದ ನಡುವೆ ಹಿಂಜರಿದವನ ಮನೆಯ ಕಷ್ಟ, ಒಡೆಯರಲ್ಲಿಯೂ ಇದ್ದ ಒಳ್ಳೆಯವರ ಇಕ್ಕಟ್ಟು ಇವಕ್ಕೆ ಚೌಪದಿಯಲ್ಲಿ ಜಾಗ ಸಾಲದು. ಇಪ್ಪತ್ತು ವರ್ಷ ರೈತರೊಡನೆ ಓಡಾಡಿದ ಕವಿಯಿಂದ ಆ ಬದುಕಿನ ಒಂದು ಸುದೀರ್ಘ ಕಥನ ಬರಲಿಲ್ಲವೆಂಬುದು ಕನ್ನಡದ ನಷ್ಟವೇ ಸರಿ. ರಾಜಕಾರಣ ಲೇಖಕನಿಂದ ಏನನ್ನಾದರೂ ಕಿತ್ತುಕೊಂಡಿತೆಂದರೆ ಅದು ಆ ಬಿಡುವನ್ನು.

5

ಲೇಖಕ ರಾಜಕಾರಣಕ್ಕಿಳಿಯುವುದು ದಕ್ಷಿಣ ಅಮೆರಿಕದಲ್ಲಿ ಹೆಚ್ಚುಕಡಿಮೆ ಒಂದು ಪರಂಪರೆಯೇ ಆಗಿದೆ. ದಿನಕರರ ಬದುಕನ್ನು ಆ ಪರಂಪರೆಯ ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಪೆರುವಿನ ಕಾದಂಬರಿಕಾರ ಮಾರಿಯೋ ವರ್ಗಾಸ್ ಯೋಸಾ (1936–2025) ಯೌವನದ ಎಡಪಂಥೀಯ ಒಲವಿನಿಂದ ದೂರ ಸರಿದು ಮುಕ್ತ ಮಾರುಕಟ್ಟೆಯ ವಕ್ತಾರರಾದರು. 1990ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. ಮೊದಲ ಸುತ್ತಿನಲ್ಲಿ ಮುಂದಿದ್ದರೂ ಎರಡನೆಯ ಸುತ್ತಿನಲ್ಲಿ ಆಲ್ಬರ್ಟೋ ಫುಜಿಮೋರಿಯೆದುರು ಸೋತರು. ಆ ಸೋಲಿನ ಕತೆಯನ್ನು 1993ರಲ್ಲಿ ಆತ್ಮಕಥನವಾಗಿ ಬರೆದರು. ಮತ್ತೆ ಕಾದಂಬರಿಗೆ ಮರಳಿ 2010ರಲ್ಲಿ ನೊಬೆಲ್ ಪಡೆದರು. ಅವರ ಪಾಲಿಗೆ ರಾಜಕಾರಣ ಬರವಣಿಗೆಯ ನಡುವಿನ ಒಂದು ಪ್ರಕರಣ; ಸೋಲು ಅವರನ್ನು ಸಾಹಿತ್ಯಕ್ಕೆ ಹಿಂದಿರುಗಿಸಿತು.

ವೆನೆಜುವೆಲಾದ ರೋಮುಲೋ ಗಾಯೆಗೋಸ್ 1929ರಲ್ಲಿ ಬಯಲುಸೀಮೆಯ ಭೂಮಾಲಿಕತ್ವವನ್ನೇ ವಸ್ತುವಾಗಿಸಿದ ಕಾದಂಬರಿ ಬರೆದು ಪ್ರಸಿದ್ಧರಾದವರು. 1947ರ ಚುನಾವಣೆಯಲ್ಲಿ ಗೆದ್ದು 1948ರ ಫೆಬ್ರುವರಿಯಲ್ಲಿ ಅಧ್ಯಕ್ಷರಾದರು. ಅದೇ ನವೆಂಬರಿನಲ್ಲಿ ಸೈನ್ಯ ಅವರನ್ನು ಕೆಳಗಿಳಿಸಿತು. ಚಿಲಿಯ ಪಾಬ್ಲೋ ನೆರೂದಾ 1945ರಲ್ಲಿ ಉತ್ತರದ ಗಣಿ ಪ್ರಾಂತಗಳಿಂದ ಸೆನೆಟಿಗೆ ಆರಿಸಿಬಂದರು. ಗಣಿ ಕಾರ್ಮಿಕರ ದಮನವನ್ನು 1948ರಲ್ಲಿ ಸೆನೆಟಿನಲ್ಲಿ ಖಂಡಿಸಿದ್ದಕ್ಕೆ ಅವರ ಸದಸ್ಯತ್ವದ ರಕ್ಷಣೆ ಹೋಯಿತು, ಬಂಧನದ ಆದೇಶ ಹೊರಟಿತು. ತಿಂಗಳುಗಟ್ಟಲೆ ಮನೆಯಿಂದ ಮನೆಗೆ ಅಡಗಿ, 1949ರಲ್ಲಿ ಕುದುರೆಯ ಮೇಲೆ ಆಂಡೀಸ್ ದಾಟಿ ದೇಶ ಬಿಟ್ಟರು. ಖಲಾಸಿಗಳ ನಡುವೆ ಕೆಲಸ ಮಾಡಿ, ರೈತರಿಗಾಗಿ ಗಡಿಪಾರಾದ ದಿನಕರರ ಕತೆಗೂ ಇದಕ್ಕೂ ಇರುವ ಸಾಮ್ಯ ಎದ್ದು ಕಾಣುತ್ತದೆ. ವ್ಯತ್ಯಾಸವೂ ಕಾಣುತ್ತದೆ. ನೆರೂದಾ ದೇಶದಿಂದ ಹೊರಬಿದ್ದು ಜಗತ್ತಿನ ಕವಿಯಾದರು. ದಿನಕರರು ಜಿಲ್ಲೆಯಿಂದ ಹೊರಬಿದ್ದು ಮತ್ತೆ ಜಿಲ್ಲೆಗೇ ಬಂದರು.

ಅವರಿಗೆ ಇನ್ನೂ ಹತ್ತಿರದವರು ಹತ್ತೊಂಬತ್ತನೆಯ ಶತಮಾನದ ಅರ್ಜೆಂಟೈನಾದ ದೊಮಿಂಗೋ ಸರ್ಮಿಯೆಂತೋ. 1845ರಲ್ಲಿ 'ಫಕುಂದೋ' ಎಂಬ ಪ್ರಸಿದ್ಧ ಕೃತಿಯನ್ನು ಪರದೇಶವಾಸದಲ್ಲಿದ್ದುಕೊಂಡು ಬರೆದ ಈ ಲೇಖಕ 1868ರಿಂದ 1874ರವರೆಗೆ ಅಧ್ಯಕ್ಷರಾಗಿದ್ದರು. ಇಂದು ಅವರ ನೆನಪು ಹೆಚ್ಚಾಗಿ ಉಳಿದಿರುವುದು ಅವರು ಹರಡಿದ ಶಾಲೆಗಳಿಂದ. ಅವರು ತೀರಿಕೊಂಡ ಸೆಪ್ಟೆಂಬರ್ 11 ಆ ದೇಶದಲ್ಲಿ ಶಿಕ್ಷಕರ ದಿನ. ಆದರೆ ಸರ್ಮಿಯೆಂತೋ ಬಯಲಿನ ಜನರನ್ನು ಅನಾಗರಿಕರೆಂದು ಕಂಡು ನಗರದ ನಾಗರಿಕತೆಯನ್ನು ಅವರ ಮೇಲೆ ಹೇರಬಯಸಿದವರು. ದಿನಕರರ ಶಾಲೆಯ ಕಲ್ಪನೆ ಗೇಣಿಯ ರಸೀದಿಯಿಂದ ಹುಟ್ಟಿತು. ಒಕ್ಕಲಿಗೆ ಅಕ್ಷರ ಬೇಕಾದದ್ದು ಅವನನ್ನು ನಾಗರಿಕನಾಗಿಸಲು ಅಲ್ಲ; ತನ್ನ ಹಕ್ಕಿನ ಪತ್ರವನ್ನು ತಾನೇ ಓದಿಕೊಳ್ಳಲು.

ಅವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಕರಾವಳಿಯ ಹಳ್ಳಿಗಳಲ್ಲಿ, ಘಟ್ಟದ ಮೇಲಿನ ದಾಂಡೇಲಿಯಂಥ ಕೈಗಾರಿಕಾ ಪಟ್ಟಣದಲ್ಲಿ 'ಜನತಾ ವಿದ್ಯಾಲಯ'ಗಳು ತೆರೆದವು. ಪ್ರೌಢಶಾಲೆಗಾಗಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ನೆಂಟರ ಮನೆಯಲ್ಲಿ ಉಳಿಯಲಾಗದ ಮಕ್ಕಳಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ನಡೆದುಹೋಗುವಷ್ಟು ದೂರದಲ್ಲಿ ಶಾಲೆ ಸಿಕ್ಕಿತು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಸಂಸ್ಥೆಗೆ ಅವರು ತಮ್ಮ ಹೆಸರನ್ನಿಡಲಿಲ್ಲ, ಗುರುಪರಂಪರೆಯ ಮೂಲಪುರುಷನ ಹೆಸರನ್ನಿಟ್ಟರು.

ಮರುವರ್ಷ, 1967ರ ಮಹಾಚುನಾವಣೆಯಲ್ಲಿ ದಿನಕರರು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆರಿಸಿಬಂದರು. 1952ರಿಂದ ಆವರೆಗೆ ಈ ಕ್ಷೇತ್ರವನ್ನು ಪ್ರತಿನಿಧಿಸಿದ್ದವರು ಕಾಂಗ್ರೆಸ್ಸಿನ ಜೋಕಿಂ ಆಳ್ವರು. ಅವರೂ ಪತ್ರಿಕೋದ್ಯಮದಿಂದ ಬಂದವರೇ. ಪಕ್ಷದ ಬೆಂಬಲವಿಲ್ಲದ ಕವಿಯೊಬ್ಬ ಇಷ್ಟು ವಿಸ್ತಾರದ ಕ್ಷೇತ್ರದಲ್ಲಿ ಗೆದ್ದುದು ಮೂವತ್ತು ವರ್ಷಗಳ ಓಡಾಟದ ಫಲ. ಆದರೆ ಆ ಲೋಕಸಭೆ ಪೂರ್ಣಾವಧಿ ಕಾಣಲಿಲ್ಲ. 1970ರ ಡಿಸೆಂಬರಿನಲ್ಲಿ ವಿಸರ್ಜಿತವಾಯಿತು. ಪಕ್ಷಗಳ ಲೆಕ್ಕಾಚಾರವೇ ಮುಖ್ಯವಾದ ಸಂಸತ್ತಿನಲ್ಲಿ ಪಕ್ಷೇತರ ಸದಸ್ಯನೊಬ್ಬ ಮಾಡಬಹುದಾದುದು ಎಷ್ಟೆಂಬುದೂ ಯೋಚಿಸಬೇಕಾದ ಮಾತು. ದಿನಕರರ ರಾಜಕೀಯ ಸಾಧನೆಯನ್ನು ದೆಹಲಿಯ ಆ ನಾಲ್ಕು ವರ್ಷಗಳಲ್ಲಿ ಹುಡುಕುವುದು ತಪ್ಪಾದೀತು. ಅವರ ರಾಜಕಾರಣ ಆ ಮೊದಲೇ ಗದ್ದೆಯಲ್ಲಿಯೂ ಶಾಲೆಯಲ್ಲಿಯೂ ನಡೆದುಹೋಗಿತ್ತು.

6

ಇದೇ ಕೆನರಾ ಕ್ಷೇತ್ರದಲ್ಲಿ 1989ರಲ್ಲಿ ಇನ್ನೊಬ್ಬ ಲೇಖಕ ಲೋಕಸಭೆಗೆ ನಿಂತರು. ಅವರು ಶಿವರಾಮ ಕಾರಂತರು. ಆಗ ಅವರಿಗೆ 87 ವರ್ಷ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಡದ ಕಾಡಿನಲ್ಲಿ ಬರಲಿದ್ದ ಅಣುವಿದ್ಯುತ್ ಸ್ಥಾವರವನ್ನು ಅವರು ವಿರೋಧಿಸಿದ್ದರು. ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಮತ ಕೇಳಿದರು. ಜ್ಞಾನಪೀಠ ಪಡೆದ ಲೇಖಕ, ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ ವ್ಯಕ್ತಿ. ಆದರೂ ಅವರು ಸೋತರು. ಸ್ಥಾವರದ ಕೆಲಸ ಮುಂದುವರಿದು 2000ದಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು.

ಇಬ್ಬರು ಲೇಖಕರು, ಒಂದೇ ಕ್ಷೇತ್ರ, ಇಬ್ಬರೂ ಪಕ್ಷಗಳ ಹೊರಗಿನವರು. ಒಬ್ಬರಿಗೆ ಗೆಲುವು, ಇನ್ನೊಬ್ಬರಿಗೆ ಸೋಲು. ಇದನ್ನು ಸಾಹಿತ್ಯಕ ಯೋಗ್ಯತೆಯಿಂದ ವಿವರಿಸಲಾಗದು. ಆ ಲೆಕ್ಕದಲ್ಲಿ ಫಲಿತಾಂಶ ತಿರುವುಮುರುವಾಗಬೇಕಿತ್ತು. ಕಾರಂತರು ಜನರ ಮುಂದಿಟ್ಟದ್ದು ಮುಂದೆ ಬರಬಹುದಾದ ಅಪಾಯವನ್ನು. ದಿನಕರರು ಕೈಹಾಕಿದ್ದು ಜನ ಆಗಲೇ ಅನುಭವಿಸುತ್ತಿದ್ದ ಕಷ್ಟಕ್ಕೆ. ಕಾರಂತರು ಲೇಖಕನ ನೈತಿಕ ಅಧಿಕಾರದಿಂದ ಮಾತಾಡಿದರು. ದಿನಕರರ ಬೆನ್ನಿಗೆ ಕೂಟವೊಂದು, ಪತ್ರಿಕೆಯೊಂದು, ಹಲವು ಶಾಲೆಗಳು ಇದ್ದವು. ಲೇಖಕನ ಮಾತು ಎಷ್ಟೇ ಸತ್ಯವಾಗಿರಲಿ, ಅದನ್ನು ಹೊತ್ತು ತಿರುಗುವ ಸಂಘಟನೆಯಿಲ್ಲದೆ ಅದು ಮತವಾಗುವುದಿಲ್ಲವೆಂಬ ಪಾಠ ಇಲ್ಲಿದೆ. ಮತವಾಗದ ಮಾತು ಸುಳ್ಳಾಗುವುದಿಲ್ಲವೆಂಬ ಪಾಠವೂ ಇದೆ. ಕಾರಂತರು ಎತ್ತಿದ ಪ್ರಶ್ನೆಗಳು ಜಿಲ್ಲೆಯಲ್ಲಿ ಇಂದಿಗೂ ಚರ್ಚೆಯಲ್ಲಿವೆ.

ಭೂಮಿಯ ಪ್ರಶ್ನೆ ಕೂಡ ಮುಗಿದಿಲ್ಲ. ಅದರ ಮುಖ ಮಾತ್ರ ಬದಲಾಗಿದೆ. ಗೇಣಿದಾರರು ಭೂಸುಧಾರಣೆಯಿಂದ ಒಡೆಯರಾದ ಸ್ವಲ್ಪ ಕಾಲದಲ್ಲಿಯೇ, 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲ ಬಿಡಬೇಕಾಯಿತು. ಮುಂದೆ ಬಾಳೆಗುಳಿಯ ಕೂಡುದಾರಿಯಲ್ಲಿ ಬಳ್ಳಾರಿ ಸೀಮೆಯ ಅದಿರು ತುಂಬಿದ ಲಾರಿಗಳು ಸಾಲುಸಾಲಾಗಿ ಬೇಲೇಕೇರಿ ಬಂದರಿಗೆ ಸಾಗಿದವು. 2010ರಲ್ಲಿ ಅಲ್ಲಿ ಜಪ್ತಿಯಾದ ಅದಿರು ಕಾಣೆಯಾದ ಪ್ರಕರಣ ನಾಡಿನ ರಾಜಕಾರಣವನ್ನೇ ಅಲುಗಿಸಿತು. ಅನಂತರ ಅಲಗೇರಿ, ಬೇಲೇಕೇರಿ, ಭಾವಿಕೇರಿ ಭಾಗದ ಭೂಮಿ ನಾಗರಿಕ ವಿಮಾನ ನಿಲ್ದಾಣಕ್ಕಾಗಿ ಸ್ವಾಧೀನದ ಪ್ರಕ್ರಿಯೆಗೆ ಒಳಗಾಯಿತು. ಕೇಣಿಯಲ್ಲಿ ಬಂದರು ಯೋಜನೆಯನ್ನು ಮೀನುಗಾರರು ವಿರೋಧಿಸಿದರು. ಒಡೆಯನ ಮನೆಯ ಜಗಲಿಯಲ್ಲಿ ಇತ್ಯರ್ಥವಾಗುತ್ತಿದ್ದ ವ್ಯವಹಾರ ಈಗ ಅಧಿಸೂಚನೆ, ಆಕ್ಷೇಪಣೆ, ಪರಿಹಾರದ ದರ ಎಂಬ ಪದಗಳಲ್ಲಿ ನಡೆಯುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಿಕೊಳ್ಳಬೇಕು. ಆ ಅಧಿಸೂಚನೆಯನ್ನು ಇಂದು ಗದ್ದೆಯವನ ಮನೆಯಲ್ಲಿಯೇ ಓದಬಲ್ಲವರಿದ್ದಾರೆ. ಆಕ್ಷೇಪಣೆಯನ್ನು ಬರೆಯಬಲ್ಲವರಿದ್ದಾರೆ. ಅವರಲ್ಲಿ ಜನತಾ ವಿದ್ಯಾಲಯದ ಬೆಂಚಿನ ಮೇಲೆ ಕುಳಿತು ಕಲಿತವರೂ ಇದ್ದಾರು.

ದಿನಕರ ದೇಸಾಯಿಯವರು 1982ರ ನವೆಂಬರ್ 6ರಂದು ತೀರಿಕೊಂಡರು. ತನ್ನ ದೇಹದ ಬೂದಿ ಭತ್ತ ಬೆಳೆಯುವ ನೆಲಕ್ಕೆ ಗೊಬ್ಬರವಾಗಲೆಂದು ಹಾರೈಸುವ ಅವರ ಕವಿತೆಯನ್ನು ಕನ್ನಡದ ಓದುಗರು ಬಲ್ಲರು. ಅದನ್ನು ಸಾಮಾನ್ಯವಾಗಿ ವೈರಾಗ್ಯದ ಅಥವಾ ವಿನಯದ ಕವಿತೆಯಾಗಿ ಓದಲಾಗುತ್ತದೆ. ಗೇಣಿಗದ್ದೆಯ ಚರಿತ್ರೆಯೊಡನೆ ಓದಿದಾಗ ಅದರ ಅರ್ಥ ಬೇರೆಯಾಗುತ್ತದೆ. ಆ ಕವಿತೆ ಬೂದಿಗಾಗಿ ಪುಣ್ಯತೀರ್ಥವನ್ನು ಬೇಡುವುದಿಲ್ಲ, ಸ್ಮಾರಕದ ಕಟ್ಟೆಯನ್ನೂ ಬೇಡುವುದಿಲ್ಲ. ತಾನು ಯಾವ ನೆಲದ ಒಡೆತನಕ್ಕಾಗಿ ಜಗಳಾಡಿದೆನೋ ಆ ನೆಲದ ಬೆಳೆಯಲ್ಲಿ ಒಂದು ಪಾಲಾಗಲು ಬಯಸುತ್ತದೆ. ಆ ಪಾಲಿನ ಮೇಲೆ ಗೇಣಿಯೂ ಇಲ್ಲ. ಸಾಹಿತ್ಯ ಚರಿತ್ರೆ ಆ ಕವಿತೆಯನ್ನು ಕಾಪಾಡಿಕೊಂಡಿದೆ. ಅದರ ಅರ್ಥ ಉಳಿಯಬೇಕಾದರೆ ಬಾಳೆಗುಳಿಯ ದಾರಿಬದಿಯಲ್ಲಿ ಭತ್ತದ ಗದ್ದೆಗಳೂ ಉಳಿಯಬೇಕಾಗುತ್ತದೆ.